ಪಡಸಾಲೆಯ ಗಿಳಿ ಕಲಿಸಿದ ಪಾಠ

ನಮ್ಮ ಗದಗ-ಬೆಟಗೇರಿಯ ಹಳೆಯ ಮನೆಗಳಲ್ಲಿ ಪಡಸಾಲೆಗೆ ದೊಡ್ಡ ಸ್ಥಾನವುಂಟು. ಬಂದವರು ಕಾಲು ತೊಳೆದು ಕುಳಿತುಕೊಳ್ಳುವುದು ಅಲ್ಲಿಯೇ. ಮಕ್ಕಳು ಓದುವುದು, ಹಿರಿಯರು ಎಲೆ-ಅಡಿಕೆ ಹಾಕಿಕೊಂಡು ಸುಖ-ದುಃಖ ಮಾತನಾಡುವುದು ಅಲ್ಲಿಯೇ. ಅಂಥ ಅನೇಕ ಪಡಸಾಲೆಗಳ ತೊಲೆಗೆ ಒಂದು ಗಿಳಿಯ ಪಂಜರ ತೂಗುತ್ತಿದ್ದುದನ್ನು ನಮ್ಮ ಪೀಳಿಗೆಯವರೆಲ್ಲ ಕಂಡಿದ್ದೇವೆ. ಮನೆಯವರಿಗಿಂತ ಮೊದಲು ಆ ಗಿಳಿಯೇ ‘ಶರಣ್ರೀ, ಬರ್ರೀ’ ಎಂದು ಬಂದವರನ್ನು ಸ್ವಾಗತಿಸುತ್ತಿತ್ತು.

ಈ ಲೇಖನ ಅಂಥ ಒಂದು ಗಿಳಿಯನ್ನು ಕುರಿತದ್ದು. ಅದಕ್ಕಿಂತ ಹೆಚ್ಚಾಗಿ ಅದನ್ನು ಸಾಕಿದ ಮನೆಯನ್ನೂ ಆ ಮನೆಯ ಹದಿಹರೆಯದ ಇಬ್ಬರು ಮಕ್ಕಳನ್ನೂ ಕುರಿತದ್ದು. ಮೊದಲಿಗೇ ಒಂದು ಮಾತನ್ನು ಓದುಗರ ಮುಂದೆ ಒಪ್ಪಿಕೊಳ್ಳುವುದು ಲೇಸು. ಆ ಗಿಳಿಯನ್ನು ಆ ಮನೆಗೆ ತಂದುಕೊಟ್ಟವನು ನಾನೇ.

ನನ್ನ ತಮ್ಮನ ಮಗ ಬೆಟಗೇರಿಯಲ್ಲಿ ಮನೆ ಮಾಡಿಕೊಂಡು ಗದಗಿನ ಪೇಟೆಯಲ್ಲಿ ಬಟ್ಟೆಯ ಅಂಗಡಿ ನಡೆಸುತ್ತಾನೆ. ಸೊಸೆಯ ತವರು ಮುಂಡರಗಿ. ಅವರಿಗೆ ಇಬ್ಬರು ಮಕ್ಕಳು. ಹಿರಿಯವಳು ಮಗಳು, ಕಿರಿಯವನು ಮಗ. 2014ರಲ್ಲಿ ಲಕ್ಷ್ಮೇಶ್ವರದಿಂದ ಅವರ ಮನೆಗೆ ಹೊರಟ ನಾನು ಹಾದಿಯಲ್ಲಿ ಒಂದು ಊರಿನ ಜಾತ್ರೆಗೆ ಇಳಿದೆ. ಒಬ್ಬನು ಬುಟ್ಟಿಯಲ್ಲಿ ಗಿಳಿಮರಿಗಳನ್ನಿಟ್ಟುಕೊಂಡು ಮಾರುತ್ತಿದ್ದ. ಮೈತುಂಬ ಪುಕ್ಕವೂ ಬಂದಿರದ ಮರಿಗಳು ಒಂದರ ಮೇಲೊಂದು ಒರಗಿ ಚೀರುತ್ತಿದ್ದವು. ಮೊಮ್ಮಕ್ಕಳು ಹಿಗ್ಗಲಿ ಎಂದು ಒಂದನ್ನು ಕೊಂಡೆ. ಅದರ ತಾಯಿ ಎಲ್ಲಿ, ಯಾವ ಮರದ ಪೊಟರೆಯಿಂದ ಅದನ್ನು ಕಿತ್ತು ತಂದರು ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲೇ ಇಲ್ಲ.

ಮಕ್ಕಳು ಅದಕ್ಕೆ ಮುತ್ತು ಎಂದು ಹೆಸರಿಟ್ಟರು. ನೆನೆಸಿದ ಕಡಲೆ, ಪೇರಲಹಣ್ಣು, ಹಸಿಮೆಣಸಿನಕಾಯಿ ತಿಂದು ಮುತ್ತು ಬೆಳೆಯಿತು. ಮೂರನೆಯ ವರ್ಷದ ಹೊತ್ತಿಗೆ ಕೊರಳಲ್ಲಿ ಕಪ್ಪು-ಗುಲಾಬಿ ಬಣ್ಣದ ಪಟ್ಟಿ ಮೂಡಿದಾಗ ಅದು ಗಂಡೆಂದು ತಿಳಿಯಿತು. ಈ ಜಾತಿಯ ಹೆಣ್ಣಿಗೆ ಆ ಪಟ್ಟಿ ಇರುವುದಿಲ್ಲ. ನನ್ನ ತಮ್ಮನ ಹೆಂಡತಿ, ಎಂದರೆ ಮಕ್ಕಳ ಅಜ್ಜಿ, ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದೊಡನೆ ಮೊದಲ ತುತ್ತು ಮುತ್ತುವಿಗೆ. ಹತ್ತು ವರ್ಷ ಇದು ತಪ್ಪಲಿಲ್ಲ. ‘ನನಗ ಮೂರ ಮೊಮ್ಮಕ್ಕಳು’ ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಮನೆಯ ಮಾತು, ಗಿಳಿಯ ಬಾಯಿ

ಗಿಳಿ ಮಾತನಾಡುವುದು ಹೇಗೆಂದು ಮಕ್ಕಳು ಒಮ್ಮೆ ನನ್ನನ್ನು ಕೇಳಿದ್ದರು. ನಮಗಿರುವಂಥ ಧ್ವನಿಪೆಟ್ಟಿಗೆ ಹಕ್ಕಿಗಳಿಗಿಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವೆಡೆಯಲ್ಲಿ ಇರುವ ಬೇರೊಂದು ಅಂಗದಿಂದ ಅವು ದನಿ ಹೊರಡಿಸುತ್ತವೆ. ಗಿಳಿ ತನ್ನ ದಪ್ಪ ನಾಲಿಗೆಯನ್ನು ಹೊರಳಿಸಿ ಆ ದನಿಗೆ ನಮ್ಮ ಅಕ್ಷರಗಳ ರೂಪ ಕೊಡಬಲ್ಲದು. ಆದರೆ ಅದು ಏಕೆ ಕಲಿಯುತ್ತದೆ ಎಂಬುದು ಇದಕ್ಕಿಂತ ದೊಡ್ಡ ಸಂಗತಿ. ಗಿಳಿ ಒಂಟಿಯಾಗಿ ಬಾಳುವ ಜೀವಿಯಲ್ಲ. ಕಾಡಿನಲ್ಲಿ ಅದು ತನ್ನ ಹಿಂಡಿನವರ ಕೂಗನ್ನು ಕೇಳಿ ಕಲಿತು, ಆ ಕೂಗಿನಿಂದಲೇ ಹಿಂಡಿನೊಡನೆ ಬೆರೆಯುತ್ತದೆ. ಪಂಜರಕ್ಕೆ ಬಂದ ಮೇಲೆ ಅದಕ್ಕೆ ಉಳಿದ ಹಿಂಡು ನಾವೇ. ಆದುದರಿಂದ ನಮ್ಮ ಮಾತನ್ನು ಕಲಿಯುತ್ತದೆ. ನಾವು ವಿನೋದವೆಂದು ನಗುವ ಆ ನುಡಿ ನಿಜಕ್ಕೂ ‘ನಾನೂ ನಿಮ್ಮವನೇ’ ಎಂಬ ಒಂಟಿಜೀವದ ಮೊರೆ.

ಗಿಳಿ ಸಾಕಿದವರೆಲ್ಲ ಬಲ್ಲ ಇನ್ನೊಂದು ಮಾತುಂಟು. ನಾವು ಕುಳಿತು ಕಲಿಸಿದ್ದನ್ನು ಅದು ಕಲಿತರೂ ಕಲಿಯಿತು, ಬಿಟ್ಟರೂ ಬಿಟ್ಟಿತು. ಸಿಟ್ಟಿನಲ್ಲಿ ಗಟ್ಟಿಯಾಗಿ ಆಡಿದ್ದನ್ನು ಮಾತ್ರ ಬಹುಬೇಗ ಹಿಡಿಯುತ್ತದೆ. 2024ರ ಆರಂಭದಲ್ಲಿ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತುಕೊಳ್ಳುವವನಿದ್ದ. ಆ ದಿನಗಳಲ್ಲಿ ನಾನು ಹೋಗಿ ಪಡಸಾಲೆಯಲ್ಲಿ ಕುಳಿತರೆ ಮುತ್ತು ನನಗೆ ಶರಣು ಹೇಳಲಿಲ್ಲ. ‘ಏಳೋ! ಓದೋ! ನಾಚಿಕಿಲ್ಲೇನೋ ನಿನಗ!’ ಎಂದು ಮನೆಯ ಯಜಮಾನನ ದನಿಯಲ್ಲಿಯೇ ಗದರಿತು. ಅಜ್ಜಿ ನಕ್ಕಳು. ಅಂಗಡಿಯಿಂದ ಆಗತಾನೆ ಬಂದಿದ್ದ ಅವಳ ಮಗ ನಗಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದ. ತಾನು ಮಗನೊಡನೆ ಮಾತನಾಡುವ ಬಗೆಯನ್ನು ಅವನು ಹೊರಗಿನವನಂತೆ ಕೇಳಿದ್ದು ಅದೇ ಮೊದಲು.

ಬೇಸಿಗೆಯ ರಜೆಯಲ್ಲಿ ಮುತ್ತುವಿನ ಬಾಯಲ್ಲಿ ಹೊಸದೊಂದು ಮಾತು ಕೇಳತೊಡಗಿತು: ‘ನಂಗ ಬ್ಯಾಡ, ನಂಗ ಬ್ಯಾಡ.’ ಗದರಿಕೆಯ ದನಿಯಲ್ಲ, ಮೆಲುದನಿ. ಇದನ್ನು ಕಲಿಸಿದವರಾರು ಎಂದು ಯಾರಿಗೂ ತಿಳಿಯಲಿಲ್ಲ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದ ಸೊಸೆಗೆ ಪಡಸಾಲೆಯಲ್ಲಿ ಪಿಸುಮಾತು ಕೇಳಿಸಿತು. ಹುಡುಗ ಪಂಜರದ ಸರಳುಗಳ ನಡುವೆ ಬೆರಳಿಟ್ಟು, ಗಿಳಿಯ ನೆತ್ತಿ ಸವರುತ್ತ ಹೇಳಿಕೊಳ್ಳುತ್ತಿದ್ದ: ‘ನಂಗ ಸೈನ್ಸ್ ಬ್ಯಾಡ ಮುತ್ತು, ನಂಗ ಬ್ಯಾಡ.’ ಮಗನನ್ನು ವೈದ್ಯನನ್ನಾಗಿ ಮಾಡಬೇಕೆಂಬುದು ತಂದೆಯ ಹಂಬಲ. ವಾಣಿಜ್ಯ ಓದಿ ಅಂಗಡಿಯನ್ನು ಬೆಳೆಸಬೇಕೆಂಬುದು ಮಗನ ಆಸೆ. ಐದು ಜನರಿದ್ದ ಮನೆಯಲ್ಲಿ ಅವನಿಗೆ ಅದನ್ನು ಹೇಳಿಕೊಳ್ಳಲು ದೊರೆತದ್ದು ಒಂದು ಹಕ್ಕಿ ಮಾತ್ರ.

ತಾಯಿ ಮರುದಿನ ಗಂಡನೊಡನೆ ಮಾತನಾಡಿದಳು. ನಾಲ್ಕು ದಿನ ಮನೆಯಲ್ಲಿ ಬಿಗುಮಾನವಿತ್ತು. ಐದನೆಯ ದಿನ ತಂದೆ ಮಗನನ್ನು ಅಂಗಡಿಗೆ ಕರೆದೊಯ್ದು, ಗಿರಾಕಿಗಳಿಲ್ಲದ ಮಧ್ಯಾಹ್ನದಲ್ಲಿ ಅವನ ಮಾತನ್ನು ಕಡೆಯವರೆಗೆ ಕೇಳಿದ. ಜೂನ್ ತಿಂಗಳಲ್ಲಿ ಹುಡುಗ ವಾಣಿಜ್ಯ ವಿಭಾಗಕ್ಕೆ ಸೇರಿದ. ತಂದೆಗೆ ಪೂರ್ಣ ಸಮಾಧಾನವಾಗಿತ್ತೆಂದು ನಾನು ಹೇಳಲಾರೆ. ಆದರೆ ಆ ಮನೆಯಲ್ಲಿ ತಂದೆ-ಮಕ್ಕಳ ನಡುವೆ ಮಾತು ಮರಳಿತು.

ಮಗಳು ತಂದ ಪ್ರಶ್ನೆ

ಕಥೆ ಇಲ್ಲಿಗೇ ಮುಗಿದಿದ್ದರೆ ಮುತ್ತುವನ್ನು ಹೊಗಳಿ ಲೇಖನ ಮುಗಿಸಬಹುದಾಗಿತ್ತು. ಆದರೆ ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹದಲ್ಲಿ ಮಗಳ ಕಾಲೇಜಿನಲ್ಲಿ ಒಂದು ಉಪನ್ಯಾಸ ನಡೆಯಿತು. ಹುಡುಗಿ ಮನೆಗೆ ಬಂದು ಪುಸ್ತಕದ ಚೀಲವನ್ನೂ ಕೆಳಗಿಡದೆ ಪಂಜರದ ಮುಂದೆ ನಿಂತಳು. ‘ಅವ್ವಾ, ಮುತ್ತುನ ನಾವು ಇಟಗೋಳೂದು ಕಾನೂನಿಗೆ ವಿರುದ್ಧ ಅಂತ’ ಎಂದಳು.

ಅವಳ ಮಾತು ನಿಜವಾಗಿತ್ತು. ನಮ್ಮ ದೇಶದ ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟವು. 1990-91ರ ಹೊತ್ತಿಗೇ ದೇಶದ ಕಾಡುಹಕ್ಕಿಗಳ ಮಾರಾಟಕ್ಕೆ ನಿಷೇಧ ಬಂದಿತ್ತು. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆ ಈ ಗಿಳಿಯನ್ನು ಎರಡನೆಯ ಅನುಸೂಚಿಯಲ್ಲಿ ಇರಿಸಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಬಣ್ಣಬಣ್ಣದ ಪುಟ್ಟ ಹಕ್ಕಿಗಳ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯ ಮೂಲದ ಬಜರಿಗರ್‌ಗಳು. ತಲೆಮಾರುಗಳಿಂದ ಮನುಷ್ಯರ ಆಶ್ರಯದಲ್ಲಿಯೇ ಮರಿ ಮಾಡಿ ಬೆಳೆದುಬಂದವು. ನಮ್ಮ ಗಿಳಿಯ ಮರಿ ಮಾತ್ರ ಯಾವುದೋ ಪೊಟರೆಯಿಂದ ಕದ್ದು ತಂದದ್ದೇ ಆಗಿರುತ್ತದೆ.

ಅಜ್ಜಿ ಒಪ್ಪಲಿಲ್ಲ. ‘ಮಗನಂಗ ಸಾಕೀನಿ. ಮಗನ್ನ ಯಾರರೇ ಕಚೇರಿಗೆ ಕೊಡತಾರೇನು?’ ಎಂದಳು. ಹುಡುಗ ಬಾಯಿ ಬಿಡಲಿಲ್ಲ. ನಿರ್ಣಯ ಹೇಳಲೆಂದು ನನ್ನನ್ನು ಕರೆಸಿದರು.

ಓದುಗರೇ, ಹುಡುಗನಾಗಿದ್ದಾಗಿನಿಂದ ಮಠದ ಅನ್ನ ಉಂಡು, ಮಠದಲ್ಲಿ ವಚನ ಕಲಿತವನು ನಾನು. ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ವಿಚಾರಿಸಿದ ವಚನವನ್ನು ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೇನೆ. ಅಕ್ಕ ಮಾತನಾಡಿಸಿದ್ದು ಕೊಂಬೆಯ ಮೇಲಿನ ಗಿಳಿಯನ್ನು. ಓದು ಬಾಯಲ್ಲಿದ್ದು ಅರಿವಿಗೆ ಇಳಿಯದಿದ್ದರೆ ಏನು ಪ್ರಯೋಜನ ಎಂಬುದಕ್ಕೆ ಬಸವಣ್ಣನವರು ದೃಷ್ಟಾಂತವಾಗಿ ಕೊಟ್ಟದ್ದೂ ಗಿಳಿಯನ್ನೇ. ಇದನ್ನೆಲ್ಲ ಹೇಳುತ್ತಲೇ ಜಾತ್ರೆಯಲ್ಲಿ ನಾನು ಒಂದು ಮರಿಯನ್ನು ಕೊಂಡುಕೊಂಡೆ. ಹಾಗಾದರೆ ಗಿಳಿಪಾಠ ಯಾರದು? ಮುತ್ತುವಿನದೋ, ನನ್ನದೋ? ಆ ಪಡಸಾಲೆಯಲ್ಲಿ ಮಕ್ಕಳ ಮುಂದೆ ಇಷ್ಟನ್ನೂ ಹೇಳಿದೆ. ‘ತಪ್ಪು ನನ್ನದು. ಅದನ್ನು ತಿದ್ದುವಾಗ ದುಃಖ ಮಾತ್ರ ನಿಮ್ಮ ಪಾಲಿಗೆ ಬಂತು. ನನ್ನನ್ನು ಕ್ಷಮಿಸಿರಿ’ ಎಂದೆ.

ಆಗ ಹುಡುಗ ಬಾಯಿ ಬಿಟ್ಟ. ‘ದೊಡ್ಡಜ್ಜಾ, ನಾನು ಹೇಳಿದ್ದನ್ನ ಮುತ್ತು ಎಲ್ಲಾರಿಗೂ ಕೇಳಿಸಿತು. ಅದಕ್ಕ ಏನ ಬೇಕು ಅಂತ ನಾವು ಒಮ್ಮೆಯೂ ಕೇಳಲಿಲ್ಲ’ ಎಂದ. ಮುಂದೆ ಯಾರೂ ವಾದ ಮಾಡಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಬಾಗಿಲು ತೆರೆದರೆ ಸಾಲದು

ಪಂಜರದ ಬಾಗಿಲನ್ನು ತೆರೆದು ಆಗಸಕ್ಕೆ ಬಿಟ್ಟುಬಿಡೋಣವೆಂದು ತಂದೆ ಸೂಚಿಸಿದ್ದ. ಅನೇಕರು ಹಾಗೆ ಮಾಡಿ ಪುಣ್ಯ ಬಂತೆಂದು ಭಾವಿಸುತ್ತಾರೆ. ಆದರೆ ಮರಿಯಿದ್ದಾಗಿನಿಂದ ಬಟ್ಟಲಿನಲ್ಲಿ ತಿಂದ ಹಕ್ಕಿಗೆ ಆಹಾರ ಹುಡುಕುವುದು ತಿಳಿಯದು. ಬೆಕ್ಕು-ಗಿಡುಗಗಳ ಭಯ ತಿಳಿಯದು. ಹತ್ತು ವರ್ಷ ಹಾರದ ರೆಕ್ಕೆಯಲ್ಲಿ ಬಲವಿರದು. ಸಿದ್ಧತೆಯಿಲ್ಲದ ಬಿಡುಗಡೆ ಸಾವಿನ ಬಾಯಿಗೆ ನೂಕಿದಂತೆಯೇ. ಅರಣ್ಯ ಇಲಾಖೆಗೆ ಒಪ್ಪಿಸಿದರೆ ಪಶುವೈದ್ಯರು ಪರೀಕ್ಷಿಸುತ್ತಾರೆ. ಹಾರಬಲ್ಲ ಹಕ್ಕಿಯನ್ನು ತನ್ನ ಜಾತಿಯವುಗಳೊಡನೆ ಬೆರೆಸಿ, ಬಲ ಬಂದ ಮೇಲೆ ಬಿಡಬಹುದು. ಹಾರಲಾರದ್ದಕ್ಕೆ ಮೃಗಾಲಯದಂಥ ಆಶ್ರಯ ಕಲ್ಪಿಸಬೇಕಾಗುತ್ತದೆ.

ಇದನ್ನು ಹೇಳುವಾಗ ನನ್ನ ಮನಸ್ಸು ಮಕ್ಕಳ ಕಡೆಗೂ ಹೊರಳಿತು. ಹದಿನೈದು-ಹದಿನೇಳರ ಮಕ್ಕಳನ್ನು ಬಿಗಿಹಿಡಿದು ಗದರಿಸುವವರೂ ನಮ್ಮಲ್ಲಿದ್ದಾರೆ. ಬೇಸತ್ತು ‘ನಿನ್ನ ಹಾದಿ ನಿನಗೆ’ ಎಂದು ಒಮ್ಮೆಗೇ ಕೈಬಿಡುವವರೂ ಇದ್ದಾರೆ. ಇವೆರಡರ ನಡುವೆ ಹೆತ್ತವರು ನಿತ್ಯ ಮಾಡಬೇಕಾದ ಕೆಲಸವೊಂದಿದೆ. ಪ್ರತಿದಿನ ತುಸು ಹೊತ್ತು ಕುಳಿತು ಮಕ್ಕಳ ಮಾತು ಕೇಳಬೇಕು, ತಾನಾಗಿ ನಡೆಯುವ ಬಲವನ್ನು ಅವರಲ್ಲಿ ಬೆಳೆಸಬೇಕು. ಅದು ನಿಧಾನದ ಕೆಲಸ, ತಾಳ್ಮೆಯ ಕಾಯಕ.

ನವೆಂಬರ್ ತಿಂಗಳ ಒಂದು ಸೋಮವಾರ, ಪೂಜೆಯಾದ ಮೇಲೆ ಮುತ್ತುವಿಗೆ ಅಜ್ಜಿ ಕಡೆಯ ತುತ್ತು ಕೊಟ್ಟಳು. ಮಕ್ಕಳಿಬ್ಬರೂ ತಂದೆಯೂ ನಾನೂ ಹೋಗಿ ಇಲಾಖೆಯ ಸಿಬ್ಬಂದಿಗೆ ಅದನ್ನು ಒಪ್ಪಿಸಿದೆವು. ಹೊರಡುವಾಗ ಅದು ‘ಶರಣ್ರೀ’ ಎಂದಿತು. ಅದು ಸ್ವಾಗತವೆಂದು ಕಲಿತ ಮಾತು. ಬೀಳ್ಕೊಡುವ ಮಾತು ಅದಕ್ಕೆ ಗೊತ್ತಿರಲಿಲ್ಲ. ಮನೆಗೆ ಮರಳುವವರೆಗೆ ಯಾರೂ ಮಾತನಾಡಲಿಲ್ಲ.

2025ರ ಜನವರಿಯಲ್ಲಿ ಮಕ್ಕಳನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾದ ಕೆರೆಯದು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬಂದು ಇಲ್ಲಿ ತಂಗುತ್ತವೆ. ಸುತ್ತಲಿನ ರೈತರ ಹೊಲಗಳಲ್ಲಿ ಮೇಯ್ದು ಬಂದು ನೀರಿನಲ್ಲಿ ವಿಶ್ರಮಿಸುತ್ತವೆ. ಬೇಸಿಗೆ ಬರುವ ಮುನ್ನ ಮರಳಿ ಹೋಗುತ್ತವೆ. ಯಾರೂ ಅವನ್ನು ಕಟ್ಟಿಹಾಕಿಲ್ಲ. ಆದರೂ ವರ್ಷವರ್ಷವೂ ಬರುತ್ತವೆ. ಹುಡುಗ ಬಹಳ ಹೊತ್ತು ದಂಡೆಯ ಮೇಲೆ ನಿಂತು ನೋಡಿದ. ಹಿಂದಿರುಗುವಾಗ ಲಕ್ಷ್ಮೇಶ್ವರದವರೆಗೂ ತನ್ನ ಕಾಲೇಜು, ಅಂಗಡಿ, ಗೆಳೆಯರ ವಿಷಯ ಹೇಳುತ್ತಲೇ ಇದ್ದ. ಇಷ್ಟು ಮಾತು ಅವನ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಆ ಪಡಸಾಲೆಯ ತೊಲೆಯಲ್ಲಿ ಈಗ ಪಂಜರದ ಕೊಂಡಿ ಮಾತ್ರ ಉಳಿದಿದೆ. ಮಾಳಿಗೆಯ ಮೇಲೆ ಹುಡುಗ ಮಣ್ಣಿನ ಪರಟೆಯಲ್ಲಿ ನೀರಿಡುತ್ತಾನೆ, ಅಜ್ಜಿ ಜೋಳ ಚೆಲ್ಲುತ್ತಾಳೆ. ಗುಬ್ಬಿ, ಪಾರಿವಾಳಗಳ ಜೊತೆ ಒಮ್ಮೊಮ್ಮೆ ಗಿಳಿಗಳೂ ಇಳಿಯುತ್ತವೆಯಂತೆ. ಬೆಳಗಿನಲ್ಲಿ ಮಗನನ್ನು ಎಬ್ಬಿಸಲು ತಂದೆ ಈಗ ಹಾಸಿಗೆಯ ಬಳಿಗೆ ಹೋಗಿ ಭುಜ ಮುಟ್ಟಿ ಕರೆಯುತ್ತಾನೆ.

ನಮ್ಮ ಓದುಗರ ಮನೆಗಳಲ್ಲಿಯೂ ಇಂಥ ಗಿಳಿಗಳಿರಬಹುದು. ಅಕ್ಕರೆಯಿಂದಲೇ ಸಾಕಿದ್ದೀರಿ, ಸಂಶಯವಿಲ್ಲ. ಆದರೂ ಮನೆಮಂದಿಯೆಲ್ಲ, ಮಕ್ಕಳನ್ನೂ ಕೂಡಿಸಿಕೊಂಡು, ಒಮ್ಮೆ ವಿಚಾರ ಮಾಡಿರಿ; ಸಮೀಪದ ಅರಣ್ಯ ಕಚೇರಿಯನ್ನು ಕಾಣಿರಿ, ಇಲ್ಲವೆ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿರಿ. ಜಾತ್ರೆ-ಸಂತೆಗಳಲ್ಲಿ ಮರಿಗಳನ್ನು ಕಂಡರೆ ಕನಿಕರದಿಂದಲೂ ಕೊಳ್ಳಬೇಡಿರಿ. ಒಂದನ್ನು ಕೊಂಡರೆ ಇನ್ನೊಂದು ಪೊಟರೆ ಬರಿದಾಗುತ್ತದೆ. ಗಿಳಿ ಹೋದ ಮೇಲೆ ಪಡಸಾಲೆ ಬಣಗುಡುವುದೆಂಬ ಚಿಂತೆ ಬೇಡ. ಮಾತನಾಡಲು ಮನೆಯಲ್ಲಿ ಮಕ್ಕಳಿದ್ದಾರೆ.