ಪಕ್ಕದಲ್ಲಿ ಕೂತ ಗಿಟಾರ್

ನನ್ನ ಸೋದರಮಾವ ಹಾಸನದ ಕಡೆ ನಲವತ್ತು ವರ್ಷ ಪಿಟೀಲು ನುಡಿಸಿದವರು. ರಾಮನವಮಿ ಪೆಂಡಾಲಿರಲಿ, ಹರಿಕಥೆಯಿರಲಿ, ಅವರನ್ನು ಕರೆಯುತ್ತಿದ್ದದ್ದು ಪಕ್ಕವಾದ್ಯಕ್ಕೇ. ಇಂಜಿನಿಯರಿಂಗ್ ಓದುವಾಗ ಒಮ್ಮೆ ಉಡಾಫೆಯಿಂದ ಕೇಳಿದ್ದೆ: ‘ಮಾವ, ಒಂದಾದ್ರೂ ಸ್ವಂತ ಕಚೇರಿ ಮಾಡಬಾರದಿತ್ತಾ? ಯಾವಾಗ್ಲೂ ಬೇರೆಯವರ ಹಿಂದೇನೇ ಹೋಗ್ತೀರಲ್ಲ?’ ಅವರು ಕಮಾನಿಗೆ ರಾಳ ಉಜ್ಜುತ್ತಾ ಸುಮ್ಮನೆ ನಕ್ಕಿದ್ದರು.

ಅದೆಂಥ ದಡ್ಡ ಪ್ರಶ್ನೆ ಎಂದು ನನಗೆ ತಿಳಿದದ್ದು ಪುಣೆಗೆ ಬಂದ ಮೇಲೆ, ಅದೂ ಅಮೆರಿಕದ ಜಾಝ್ ಗಿಟಾರ್ ವಾದಕ ಜಿಮ್ ಹಾಲ್ ಅವರಿಂದ.

ರೂಮ್‌ಮೇಟ್ ಒಬ್ಬ ರಾತ್ರಿ ಊಟವಾದ ಮೇಲೆ ‘ಅಂಡರ್‌ಕರೆಂಟ್’ ಹಾಕುತ್ತಿದ್ದ. 1962ರ ರೆಕಾರ್ಡಿಂಗ್. ಬಿಲ್ ಇವಾನ್ಸ್ ಅವರ ಪಿಯಾನೊ, ಹಾಲ್ ಅವರ ಗಿಟಾರ್, ಅಷ್ಟೇ. ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಈ ಜೋಡಿ ಸುಲಭದ್ದಲ್ಲ. ಎರಡೂ ಕಾರ್ಡ್ ನುಡಿಸುವ ವಾದ್ಯಗಳು, ಸ್ವಲ್ಪ ಎಚ್ಚರ ತಪ್ಪಿದರೂ ಒಂದರ ಮೇಲೊಂದು ಬೀಳುತ್ತವೆ. ‘ಮೈ ಫನಿ ವ್ಯಾಲೆಂಟೈನ್’ನಲ್ಲಿ ಇವಾನ್ಸ್ ಸೋಲೊ ಶುರು ಮಾಡಿದಾಗ ಹಾಲ್ ಹೆಚ್ಚೇನೂ ಮಾಡುವುದಿಲ್ಲ. ನಾಲ್ಕು ಎಣಿಕೆಗೆ ನಾಲ್ಕು ಕಾರ್ಡ್, ಮೆಲ್ಲಗೆ, ಒಂದೇ ಸಮ. ಇಲ್ಲದ ಡ್ರಮ್ಸ್ ಇದ್ದಂತೆಯೇ ಕೇಳುತ್ತದೆ.

ಹಾಲ್ ಹುಟ್ಟಿದ್ದು 1930ರಲ್ಲಿ, ಬಫಲೊದಲ್ಲಿ. ಹದಿಮೂರನೆಯ ವಯಸ್ಸಿಗೆ ಚಾರ್ಲಿ ಕ್ರಿಶ್ಚಿಯನ್ ಅವರ ಗಿಟಾರ್ ಕೇಳಿ ಮನಸೋತರು. ಮುಂದೆ ಕ್ಲೀವ್‌ಲ್ಯಾಂಡಿನಲ್ಲಿ ಸಂಗೀತ ಓದಿ, 1955ರಲ್ಲಿ ಲಾಸ್ ಏಂಜಲೀಸ್ ಸೇರಿದರು. ಆಗ ಅಲ್ಲಿ ‘ಕೂಲ್’ ಜಾಝ್ ಕಾಲ. ಅಬ್ಬರಕ್ಕಿಂತ ಹದಕ್ಕೆ ಬೆಲೆ. 1957ರ ಅವರ ಮೊದಲ ಸ್ವಂತ ಆಲ್ಬಮ್ ‘ಜಾಝ್ ಗಿಟಾರ್’ನಲ್ಲೂ ಜೊತೆಗಿದ್ದದ್ದು ಪಿಯಾನೊ ಮತ್ತು ಬೇಸ್ ಮಾತ್ರ. ಮರುವರ್ಷ ಜಿಮ್ಮಿ ಜುಫ್ರಿ ಅವರ ಮೂವರ ತಂಡದಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನುಗಳ ಜೊತೆ ಟ್ರಂಬೋನ್ ಇತ್ತು, ಬೇಸೂ ಇಲ್ಲ, ಡ್ರಮ್ಸೂ ಇಲ್ಲ. ಲಯ ಹಿಡಿಯುವ ಹೊಣೆ ಬಹುಪಾಲು ಗಿಟಾರಿನದು.

ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ 1959ರಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗಲೇ ವೇದಿಕೆ ಬಿಟ್ಟವರು. ಸುಮಾರು ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಸಾಧನೆ ಮಾಡಿದರು. ಮರಳಿ ಬಂದು 1962ರಲ್ಲಿ ‘ದಿ ಬ್ರಿಡ್ಜ್’ ಮಾಡುವಾಗ ಪಿಯಾನೊ ಬೇಡವೆಂದು ಹಾಲ್ ಅವರನ್ನು ಕರೆದರು. ಆ ಆಲ್ಬಮ್ಮನ್ನು ಒಮ್ಮೆ ಗಿಟಾರಿನ ಮೇಲಷ್ಟೇ ಕಿವಿಯಿಟ್ಟು ಕೇಳಿ. ರಾಲಿನ್ಸ್ ಜೋರು ಹಿಡಿದಾಗ ಹಾಲ್ ಅಡ್ಡ ಬರುವುದಿಲ್ಲ. ಒಂದು ಕಾರ್ಡ್ ಇಟ್ಟು ಬಿಡುತ್ತಾರೆ, ಕಾಯುತ್ತಾರೆ, ಆಮೇಲೆ ಇನ್ನೊಂದು. ಆ ಕಾಯುವಿಕೆ ಸೋಮಾರಿತನವಲ್ಲ. ಮುಂದಿನ ಸ್ವರ ಎತ್ತ ಹೊರಟಿದೆ ಎಂದು ಗೊತ್ತಿದ್ದವರಷ್ಟೇ ಹಾಗೆ ಕಾಯಬಲ್ಲರು.

ನನಗೆ ಮಾವ ನೆನಪಾದದ್ದು ಅಲ್ಲಿ. ಗಾಯಕ ಆಲಾಪನೆ ಬೆಳೆಸುವಾಗ ಅವರ ಪಿಟೀಲು ನೆರಳಿನ ಹಾಗೆ ಹಿಂದೆ ಸಾಗುತ್ತಿತ್ತು. ಗಾಯಕ ನಿಲ್ಲಿಸಿದಾಗ ಕೊನೆಯ ಸ್ವರವನ್ನು ಒಂದು ಗಳಿಗೆ ಹಿಡಿದಿಡುತ್ತಿತ್ತು. ಎದುರಿಗೆ ಕೂತ ನಾನು ಗಾಯಕನನ್ನೇ ನೋಡುತ್ತಿದ್ದೆ.

ಹಾಲ್ 2013ರ ಡಿಸೆಂಬರಿನಲ್ಲಿ, 83ನೇ ವಯಸ್ಸಿಗೆ ತೀರಿಕೊಂಡರು. ಮಾವನಿಗೆ ಈಗ ಎಪ್ಪತ್ತೆಂಟು. ಕೈ ನಡುಗುತ್ತದೆ, ಪಿಟೀಲು ಪೆಟ್ಟಿಗೆ ಸೇರಿದೆ. ಹೋದ ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಇಯರ್‌ಫೋನ್ ಕೊಟ್ಟು ‘ಅಂಡರ್‌ಕರೆಂಟ್’ ಕೇಳಿಸಿದೆ. ಹಳೆಯ ಪ್ರಶ್ನೆಗೆ ಕ್ಷಮೆ ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ.

ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೊನೆಯವರೆಗೂ ಕೇಳಿದರು. ಇಯರ್‌ಫೋನ್ ತೆಗೆದು ಕೇಳಿದರು: ‘ಚೆನ್ನಾಗಿದೆ ಕಣೋ. ಆದ್ರೆ ಇವರಿಬ್ಬರಲ್ಲಿ ಪಕ್ಕವಾದ್ಯ ಯಾವುದು?’