ಅಯೂಬ್ ಖಾನ್ ಲೆಕ್ಕ ತಪ್ಪಿಸಿದ ಶಾಸ್ತ್ರಿ

1964ರ ಜೂನ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಪ್ರಧಾನಿಯಾದಾಗ, ನೆಹರೂ ಕುಳಿತ ಜಾಗವನ್ನು ಈ ಕುಳ್ಳನೆಯ, ಮೆಲುದನಿಯ ಮನುಷ್ಯ ತುಂಬಬಲ್ಲರೇ ಎಂಬ ಅನುಮಾನ ದೇಶದೊಳಗೇ ಇತ್ತು. ಚೀನಾದ ಕೈಯಲ್ಲಿ ಸೋತು ಎರಡು ವರ್ಷವೂ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ಕೈರೋದಿಂದ ಮರಳುತ್ತ ಶಾಸ್ತ್ರಿ ಕರಾಚಿಯಲ್ಲಿ ಇಳಿದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್‌ರನ್ನು ಭೇಟಿಯಾದರು. ಆಜಾನುಬಾಹು ಫೀಲ್ಡ್ ಮಾರ್ಷಲ್ ಕಣ್ಣಿಗೆ ಅವರು ಸುಲಭವಾಗಿ ಬಗ್ಗುವ ಆಸಾಮಿಯಂತೆ ಕಂಡರು.

ಮೊದಲ ಪರೀಕ್ಷೆ ನಡೆದದ್ದು 1965ರ ಏಪ್ರಿಲ್‌ನಲ್ಲಿ, ಕಛ್‌ನ ರಣ್‌ನಲ್ಲಿ. ಮಳೆಗಾಲ ಬಂತೆಂದರೆ ನೀರು ನಿಲ್ಲುವ ಆ ಉಪ್ಪುಬಯಲಿಗೆ ಸೇನೆ ಸಾಗಿಸುವುದು ಭಾರತಕ್ಕಿಂತ ಪಾಕಿಸ್ತಾನಕ್ಕೆ ಸಲೀಸಾಗಿತ್ತು. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಧ್ಯಸ್ಥಿಕೆಯಲ್ಲಿ ಜೂನ್ 30ರಂದು ಒಪ್ಪಂದವಾಯಿತು. ಗಡಿ ತಕರಾರು ನ್ಯಾಯಮಂಡಳಿಗೆ ಹೋಯಿತು. ವಿರೋಧ ಪಕ್ಷಗಳು ಕೆರಳಿದವು. ಆದರೆ ಎದುರಾಳಿ ಆರಿಸಿಕೊಂಡ ನೆಲದಲ್ಲಿ ಕಾದಾಡಲು ಒಲ್ಲೆ ಎಂದದ್ದು ಅಂಜಿಕೆಯಲ್ಲ. ಅಯೂಬ್ ಮಾತ್ರ ಅದನ್ನು ಅಂಜಿಕೆಯೆಂದೇ ಓದಿಕೊಂಡರು.

ಆಗಸ್ಟ್ ಆರಂಭದಲ್ಲಿ ಪಾಕಿಸ್ತಾನದ ಸಾವಿರಾರು ನುಸುಳುಕೋರರು ಕಾಶ್ಮೀರಕ್ಕೆ ಇಳಿದರು. ಜನ ದಂಗೆಯೇಳುತ್ತಾರೆ ಎಂಬ ನಂಬಿಕೆ ಅವರದು. ಜನ ಏಳಲಿಲ್ಲ, ಊರವರೇ ಸುಳಿವು ಕೊಟ್ಟರು. ಭಾರತೀಯ ಸೇನೆ ಆಗಸ್ಟ್ 28ರಂದು ಹಾಜಿ ಪೀರ್ ಕಣಿವೆಮಾರ್ಗವನ್ನೇ ಹಿಡಿಯಿತು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಛಂಬ್‌ನತ್ತ ನುಗ್ಗಿದವು. ಅಖ್ನೂರ್ ಸೇತುವೆ ಕೈತಪ್ಪಿದರೆ ಗಡಿಯಂಚಿನ ಪಡೆಗಳಿಗೆ ಜಮ್ಮುವಿನ ಕೊಂಡಿಯೇ ಕಡಿದುಹೋಗುತ್ತಿತ್ತು.

ಜಗಳ ಕಾಶ್ಮೀರದಲ್ಲೇ ಉಳಿಯುತ್ತದೆ, ಅಂತರರಾಷ್ಟ್ರೀಯ ಗಡಿ ದಾಟುವ ಎದೆ ದೆಹಲಿಗಿಲ್ಲ ಎಂಬುದು ಅಯೂಬ್ ಲೆಕ್ಕ. ಸೇನಾ ಮುಖ್ಯಸ್ಥ ಜೆ.ಎನ್. ಚೌಧುರಿ, ವಾಯುಪಡೆಯ ಅರ್ಜನ್ ಸಿಂಗ್, ರಕ್ಷಣಾ ಸಚಿವ ವೈ.ಬಿ. ಚವಾಣ್ ಅವರ ಮಾತು ಕೇಳಿ ಶಾಸ್ತ್ರಿ ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 6ರಂದು ಭಾರತೀಯ ಪಡೆಗಳು ಪಂಜಾಬ್ ಗಡಿ ದಾಟಿ ಲಾಹೋರ್‌ನತ್ತ ಹೊರಟವು. ಛಂಬ್‌ನ ಒತ್ತಡ ಸಡಿಲವಾಯಿತು. ಈ ನಿರ್ಧಾರಕ್ಕೆ ಜೀವಗಳನ್ನೇ ತೆರಬೇಕಾಯಿತು: ಮರುದಿನ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ ಮರಳಲಿಲ್ಲ. ಶತ್ರುವಿನ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿ ಮಡಿದ ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಅಷ್ಟರಲ್ಲಿ ಚೀನಾ ಬೆದರಿಕೆ ಹಾಕಿತು. ಸಿಕ್ಕಿಂ ಗಡಿಯ ಕಟ್ಟಡಗಳನ್ನು ಮೂರು ದಿನದಲ್ಲಿ ಕೆಡವಬೇಕು, ಕದ್ದೊಯ್ದ 800 ಕುರಿ, 59 ಯಾಕ್‌ಗಳನ್ನು ಹಿಂತಿರುಗಿಸಬೇಕು! ಶಾಸ್ತ್ರಿ ಎಷ್ಟು ನಾಜೂಕಾಗಿ ನಡೆದುಕೊಂಡರು ಎಂಬುದನ್ನು ನೋಡಬೇಕಾದದ್ದು ಇಲ್ಲಿಯೇ. ಆರೋಪ ಸುಳ್ಳು, ಬೇಕಿದ್ದರೆ ಜಂಟಿಯಾಗಿ ಪರಿಶೀಲಿಸೋಣ ಎಂದರು. ದಾಳಿ ನಡೆದರೆ ಎದುರಿಸುತ್ತೇವೆ ಎಂದೂ ಸಂಸತ್ತಿನಲ್ಲಿ ಹೇಳಿದರು. ಬೀಜಿಂಗ್‌ಗೆ ಹೊಸ ನೆಪವನ್ನೂ ಕೊಡಲಿಲ್ಲ, ಪಾಕಿಸ್ತಾನದ ಮುಂದೆ ಪಟ್ಟನ್ನೂ ಸಡಿಲಿಸಲಿಲ್ಲ. ಗಡುವು ಮುಂದೆ ಹೋಯಿತು, ಯುದ್ಧ ಬರಲಿಲ್ಲ.

ಸೆಪ್ಟೆಂಬರ್ 23ರಂದು ಕದನವಿರಾಮ. ಆಗಸ್ಟ್ 5ಕ್ಕೆ ಮುಂಚಿನ ನೆಲೆಗಳಿಗೆ ಎರಡೂ ಸೇನೆಗಳು ಮರಳಬೇಕೆಂದು ಭದ್ರತಾ ಮಂಡಳಿ ಮೊದಲೇ ಹೇಳಿತ್ತು. 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ಅದಕ್ಕೆ ಸಹಿ ಹಾಕಿದರು. ಅದೇ ರಾತ್ರಿ ತೀರಿಕೊಂಡರು. ಯೋಧರು ಗೆದ್ದ ಹಾಜಿ ಪೀರ್ ಪಾಕಿಸ್ತಾನಕ್ಕೆ ಮರಳಿತು. ಅದನ್ನು ಒಪ್ಪದ ಕೇಂದ್ರ ಸಚಿವ ಮಹಾವೀರ ತ್ಯಾಗಿ ರಾಜೀನಾಮೆ ಕೊಟ್ಟು ಹೊರನಡೆದರು.