ಕಾರವಾರದ ಕೊಲ್ಲಿಯಲ್ಲಿ ಲಂಗರು

ಕಾಳೀನದಿಯ ಅಳಿವೆಯಿಂದ ದಕ್ಷಿಣಕ್ಕೆ ಅರ್ಧಚಂದ್ರಾಕಾರವಾಗಿ ಬಾಗಿರುವ ಕಾರವಾರದ ಕೊಲ್ಲಿಯನ್ನು ದಡದ ಮೇಲೆ ನಿಂತು ನೋಡುವವನಿಗೆ ಅದರ ಸೌಂದರ್ಯವು ಕಾಣುತ್ತದೆ. ಹಾಯಿದೋಣಿಯಲ್ಲಿ ಬಂದು ಅಲ್ಲಿ ರಾತ್ರಿಯನ್ನು ಕಳೆಯಬೇಕಾದವನಿಗೆ ಕಾಣುವುದು ಅದರ ಅಭಯ. ನೈಋತ್ಯ ದಿಕ್ಕಿನಿಂದ ನುಗ್ಗಿಬರುವ ಮಳೆಗಾಲದ ಗಾಳಿಗೆ ಅಡ್ಡಲಾಗಿ ಸಮುದ್ರದೊಳಕ್ಕೆ ಚಾಚಿನಿಂತ ಗುಡ್ಡ, ಅದರ ಬುಡದಲ್ಲಿ ಬೈತಕೋಲದ ಚಿಕ್ಕ ಖಾರಿ, ಹೊರಗಡೆ ಕಾವಲಿನಂತೆ ಕೂರ್ಮಗಡ, ದೇವಗಡಗಳೆಂಬ ದ್ವೀಪಗಳು: ಇಂತಹ ಆಶ್ರಯವು ನಮ್ಮ ಪಶ್ಚಿಮ ಕರಾವಳಿಯಲ್ಲಿ ವಿರಳ. 1638ರಲ್ಲಿ ಆಂಗ್ಲ ವರ್ತಕರು ಇಲ್ಲಿ ಕೋಠಿಯನ್ನು ಸ್ಥಾಪಿಸಿದ್ದಕ್ಕೂ, 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಧಾರವಾಡದ ಸೀಮೆಯ ಹತ್ತಿಯನ್ನು ಹಡಗಿಗೇರಿಸಲು ಈ ಬಂದರನ್ನೇ ಆರಿಸಿಕೊಂಡದ್ದಕ್ಕೂ, ದೇವಗಡದ ನೆತ್ತಿಯ ಮೇಲೆ 1864ರಲ್ಲಿ ದೀಪಸ್ತಂಭವು ಬೆಳಗಿದ್ದಕ್ಕೂ ಮೂಲಕಾರಣ ಈ ಸ್ಥಳವಿಶೇಷವೇ.

ಆದರೆ ಕೊಲ್ಲಿಯು ಎಷ್ಟೇ ಪ್ರಶಾಂತವಾಗಿದ್ದರೂ ದೋಣಿಯು ತಾನಾಗಿ ನಿಲ್ಲುವುದಿಲ್ಲ; ಅದನ್ನು ನಿಲ್ಲಿಸಬೇಕು. ಲಂಗರು ಹಾಕುವುದೆಂದರೆ ಭಾರವಾದ ಕಬ್ಬಿಣವನ್ನು ನೀರಿಗೆಸೆದು ಸುಮ್ಮನಾಗುವುದೆಂದು ನಮ್ಮಲ್ಲಿ ಬಹುಮಂದಿಯ ಭಾವನೆ. ವಾಸ್ತವವು ಹಾಗಿಲ್ಲ. ದೋಣಿಯನ್ನು ತಡೆದು ಹಿಡಿಯುವುದು ಲಂಗರಿನ ತೂಕಕ್ಕಿಂತ ಹೆಚ್ಚಾಗಿ ಅದು ನೆಲವನ್ನು ಕಚ್ಚುವ ರೀತಿ. ಕಚ್ಚಬೇಕಾದರೆ ಹಗ್ಗದ ಎಳೆತವು ಸಮುದ್ರತಳಕ್ಕೆ ಆದಷ್ಟು ಸಮಾನಾಂತರವಾಗಿರಬೇಕು. ಹಾಗಿರಬೇಕಾದರೆ ಹಗ್ಗವನ್ನು ಧಾರಾಳವಾಗಿ ಬಿಡಬೇಕು. ಗಿಡ್ಡ ಹಗ್ಗವು ಲಂಗರನ್ನು ಮೇಲಕ್ಕೆ ಜಗ್ಗುತ್ತದೆ, ನೀಳವಾದ ಹಗ್ಗವು ಅದನ್ನು ಮಣ್ಣಿನೊಳಕ್ಕೆ ಹೂಳುತ್ತದೆ. ಇಳಿತದ ವೇಳೆ ನಾಲ್ಕು ಮೀಟರು ನೀರಿರುವಲ್ಲಿ ದೋಣಿಯನ್ನು ನಿಲ್ಲಿಸುತ್ತೇವೆಂದು ಭಾವಿಸೋಣ. ಭರತವೇರಿದಾಗ ಇನ್ನೆರಡು ಮೀಟರು ಕೂಡುತ್ತದೆ, ನೀರಿನ ಮಟ್ಟದಿಂದ ದೋಣಿಯ ಮುಂತುದಿಯ ಎತ್ತರ ಒಂದು ಮೀಟರು, ಒಟ್ಟು ಏಳು. ಬರಿಯ ಹಗ್ಗವಾದರೆ ಇದರ ಏಳರಷ್ಟು, ಅಂದರೆ ಸುಮಾರು ಐವತ್ತು ಮೀಟರು ಬಿಡಬೇಕೆಂಬುದು ಅನುಭವಿಗಳ ಲೆಕ್ಕ. ಸರಪಳಿಯಾದರೆ ತನ್ನ ಭಾರದಿಂದಲೇ ತಳದ ಮೇಲೆ ಒರಗಿಕೊಳ್ಳುವುದರಿಂದ ಅಷ್ಟು ಬೇಡ, ನಾಲ್ಕರಷ್ಟು ಸಾಕು.

ತೂಕಕ್ಕಿಂತ ಹಿಡಿತವೇ ಮುಖ್ಯವೆಂಬ ತತ್ತ್ವವನ್ನು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡಿದ್ದನು. ಕನ್ನಡಿಗರಾದ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ನೇತೃತ್ವದಲ್ಲಿ ದ್ವಾರಕೆಯ ಸಮುದ್ರದಲ್ಲಿ ನಡೆದ ಶೋಧನೆಯಲ್ಲಿ ತ್ರಿಕೋನಾಕಾರದ ಕಲ್ಲಿನ ಲಂಗರುಗಳು ದೊರೆತುವು. ಅವುಗಳಲ್ಲಿ ಮೂರು ರಂಧ್ರಗಳುಂಟು: ಮೇಲಿನದು ಹಗ್ಗಕ್ಕೆ, ಕೆಳಗಿನ ಎರಡು ಮರದ ಗೂಟಗಳಿಗೆ. ಕಲ್ಲಿನ ಭಾರವೊಂದೇ ಸಾಲದೆಂದೂ, ಗೂಟಗಳು ಮಣ್ಣಿನಲ್ಲಿ ನಾಟಬೇಕೆಂದೂ ಅದನ್ನು ಕಡೆದವನು ತಿಳಿದಿದ್ದನೆಂಬುದಕ್ಕೆ ಆ ರಂಧ್ರಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಳಿಕ ಬಂದ ಕಬ್ಬಿಣದ ಲಂಗರಿನಲ್ಲಿ ಎರಡು ಬಾಹುಗಳಿಗೆ ಅಡ್ಡಲಾಗಿ ಒಂದು ಕೋಲು ಸೇರಿತು. ಲಂಗರು ಹೇಗೆ ಬಿದ್ದರೂ ಈ ಅಡ್ಡಕೋಲು ಅದನ್ನು ಹೊರಳಿಸಿ ಒಂದು ಕೊಕ್ಕೆಯನ್ನು ನೆಲದತ್ತ ತಿರುಗಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಲಂಗರಿನ ಹಿಡಿತದ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕೇಂಬ್ರಿಜಿನ ಪ್ರಖ್ಯಾತ ಗಣಿತಜ್ಞ, ದ್ರವಚಲನಶಾಸ್ತ್ರದಲ್ಲಿ ಮೇರುಸದೃಶರಾದ ಜಿ. ಐ. ಟೇಲರ್. ಸ್ವತಃ ಹಾಯಿದೋಣಿಯ ವ್ಯಸನಿಗಳಾಗಿದ್ದ ಅವರು, ಹಗುರವಾಗಿದ್ದೂ ಬಿಗಿಯಾಗಿ ಹಿಡಿಯುವ ಲಂಗರನ್ನು 1933ರಲ್ಲಿ ನೇಗಿಲಿನ ಆಕಾರದಲ್ಲಿ ರಚಿಸಿದರು. ಅಂತಹ ಪ್ರತಿಭೆಯು ಇಂತಹ ಸಾಧಾರಣ ಉಪಕರಣಕ್ಕೆ ಒಲಿದದ್ದು ನನಗೆ ಎಂದಿಗೂ ಸಂತೋಷವನ್ನುಂಟುಮಾಡುವ ಸಂಗತಿ.

ಇನ್ನು ಲಂಗರನ್ನು ಇಳಿಸುವ ಕ್ರಮ. ಮೊದಲು ತಳದ ಸ್ವಭಾವವನ್ನರಿಯಬೇಕು. ಹಿಂದೆ ನಾವಿಕರು ಸೀಸದ ಗುಂಡಿನ ಅಡಿಯ ಕುಳಿಯಲ್ಲಿ ಕೊಬ್ಬನ್ನು ತುಂಬಿ, ಅದನ್ನು ಹುರಿಯಲ್ಲಿ ಕಟ್ಟಿ ಇಳಿಬಿಡುತ್ತಿದ್ದರು. ಹುರಿಯು ಆಳವನ್ನು ತಿಳಿಸಿದರೆ, ಕೊಬ್ಬಿಗೆ ಅಂಟಿಬಂದ ಕೆಸರೋ ಮರಳೋ ಚಿಪ್ಪಿನ ಚೂರೋ ನೆಲದ ಜಾತಿಯನ್ನು ತಿಳಿಸುತ್ತಿತ್ತು, ಏನೂ ಅಂಟದೆ ಬಂದರೆ ಕೆಳಗೆ ಬಂಡೆಯೆಂದರ್ಥ. ಜಿಗುಟಾದ ಕೆಸರು ಉತ್ತಮ, ಬಂಡೆ ವರ್ಜ್ಯ. ಅನಂತರ ದೋಣಿಯನ್ನು ಗಾಳಿಗೆದುರಾಗಿ ತಿರುಗಿಸಿ, ಹಾಯಿಯಲ್ಲಿ ಗಾಳಿ ಸೋರಿಹೋಗಿ ವೇಗವೆಲ್ಲ ಉಡುಗಿ ದೋಣಿಯು ಒಂದು ಕ್ಷಣ ಸ್ತಬ್ಧವಾಗಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗುವುದನ್ನು ಕಾಯಬೇಕು. ಆಗ ಲಂಗರನ್ನು ಎಸೆಯದೆ ಇಳಿಸಬೇಕು. ಅವಸರದಲ್ಲಿ ಹಗ್ಗವನ್ನೆಲ್ಲ ರಾಶಿಯಾಗಿ ಸುರಿದರೆ ಅದು ಲಂಗರಿನ ಮೇಲೆಯೇ ಬಿದ್ದು ಕೊಕ್ಕೆಗೆ ಸುತ್ತಿಕೊಳ್ಳುತ್ತದೆ; ದೋಣಿಯು ಸರಿದಂತೆ ಸ್ವಲ್ಪಸ್ವಲ್ಪವಾಗಿ ಸಡಿಲಿಸುತ್ತ ಹೋಗಿ ಕೊನೆಗೆ ಬಿಗಿಹಿಡಿದಾಗ ಕೊಕ್ಕೆಯು ನಾಟುತ್ತದೆ. ನಾಟಿತೋ ಇಲ್ಲವೋ ಎಂಬುದನ್ನು ದೋಣಿಯ ನಾಯಕನಾದ ಬಲ್ಲ ತಾಂಡೇಲನು ಬಿಗಿದ ಹಗ್ಗದ ಮೇಲೆ ಅಂಗೈಯಿಟ್ಟು ಹೇಳಬಲ್ಲನು. ಲಂಗರು ಜರಗುತ್ತಿದ್ದರೆ ಹಗ್ಗವು ನಡುಗುತ್ತದೆ, ತಡೆತಡೆದು ಅದುರುತ್ತದೆ. ಕಚ್ಚಿದ್ದರೆ ಒಂದೇ ಸಮನೆ ನೀಳವಾಗಿ ಬಿಗಿಯುತ್ತದೆ. ಅಷ್ಟಕ್ಕೇ ತೃಪ್ತನಾಗದೆ ಅವನು ದಡದ ಎರಡು ಗುರುತುಗಳನ್ನು, ಒಂದು ತೆಂಗಿನಮರವನ್ನೂ ಅದರ ಹಿಂದಿನ ದೇವಾಲಯದ ಮೂಲೆಯನ್ನೂ, ಒಂದೇ ರೇಖೆಯಲ್ಲಿ ನೋಡಿಟ್ಟುಕೊಳ್ಳುತ್ತಾನೆ. ಗಾಳಿ ಬದಲಾಗದೆಯೂ ಅವೆರಡೂ ಬೇರ್ಪಟ್ಟುವೆಂದರೆ ದೋಣಿಯು ಸರಿಯುತ್ತಿದೆಯೆಂದೇ ತಿಳಿಯಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ಚಳಿಗಾಲದ ಅಪರಾಹ್ನಗಳಲ್ಲಿ ಕಡಲಿನಿಂದ ಬೀಸುವ ಗಾಳಿಯು ರಾತ್ರಿ ತಗ್ಗಿ, ಬೆಳಗಿನ ಜಾವಕ್ಕೆ ಘಟ್ಟದ ಕಡೆಯಿಂದ ನೆಲದ ಗಾಳಿಯು ಬೀಸತೊಡಗುತ್ತದೆ. ಸಂಜೆ ದಡದತ್ತ ಬೆನ್ನುಮಾಡಿ ನಿಂತಿದ್ದ ದೋಣಿಯು ಆಗ ಲಂಗರನ್ನು ಸುತ್ತಿ ಸಂಪೂರ್ಣವಾಗಿ ತಿರುಗಿಬಿಡುವುದರಿಂದ, ಬಿಟ್ಟ ಹಗ್ಗದ ಉದ್ದಕ್ಕೆ ದೋಣಿಯ ಉದ್ದವನ್ನೂ ಕೂಡಿದಷ್ಟು ತ್ರಿಜ್ಯದ ಇಡೀ ವೃತ್ತವು ಬಂಡೆಗಳಿಂದಲೂ ನೆರೆಯ ದೋಣಿಗಳಿಂದಲೂ ಮುಕ್ತವಾಗಿರಬೇಕು. ಎಳೆತದ ದಿಕ್ಕು ಬದಲಾದಾಗ ಲಂಗರು ಕಿತ್ತುಬಂದು ಮತ್ತೆ ಹೊಸದಾಗಿ ಕಚ್ಚಬೇಕಾದೀತು. ಈ ಕಾರಣದಿಂದಲೇ ಎಷ್ಟು ನೆಮ್ಮದಿಯ ಕೊಲ್ಲಿಯಲ್ಲಿಯೂ ಒಬ್ಬನು ಎಚ್ಚರವಾಗಿರುವುದು. ಲಂಗರು ಹಾಕಿ ನಿಂತ ನೌಕೆಯು ಹಗಲಿನಲ್ಲಿ ಕಪ್ಪು ಗೋಳವನ್ನೂ ಇರುಳಿನಲ್ಲಿ ಎಲ್ಲ ದಿಕ್ಕಿಗೂ ಕಾಣುವ ಬಿಳಿಯ ದೀಪವನ್ನೂ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಹೊರಡುವಾಗ ಹಗ್ಗವನ್ನು ಸೇದುತ್ತ ದೋಣಿಯನ್ನೇ ಲಂಗರಿನ ನೇರ ಮೇಲಕ್ಕೆ ತರುತ್ತಾರೆ. ರಾತ್ರಿಯೆಲ್ಲ ಗಾಳಿಯ ಬಲಕ್ಕೆ ಜಗ್ಗದ ಕಬ್ಬಿಣವು ನೆಟ್ಟಗೆ ಮೇಲಕ್ಕೆಳೆದೊಡನೆ ಸಡಿಲವಾಗಿ ಕಳಚಿಕೊಳ್ಳುತ್ತದೆ.

ಪತ್ತೇಮಾರಿ, ಮಚವೆಗಳೆಂಬ ನಾವೆಗಳು ಹಾಯಿಯನ್ನು ಬಿಚ್ಚಿ ಸಂಚರಿಸುತ್ತಿದ್ದ ಕಾಲವು ಕಳೆದು, ಯಂತ್ರದ ದೋಣಿಗಳು ಬಂದ ಮೇಲೆ ಈ ವಿದ್ಯೆಯ ಅಗತ್ಯವು ಕುಗ್ಗಿದೆ. ಯಾವ ಮರವನ್ನು ಯಾವ ಗುಡ್ಡಕ್ಕೆ ಹೊಂದಿಸಿ ನೋಡಿದರೆ ಎಲ್ಲಿ ಒಳ್ಳೆಯ ಕೆಸರು ಸಿಕ್ಕುವುದೆಂಬ ಜ್ಞಾನವು ಹಿರಿಯ ತಾಂಡೇಲರ ನೆನಪಿನಲ್ಲಿದೆಯೇ ಹೊರತು ಯಾವ ಭೂಪಟದಲ್ಲಿಯೂ ಇಲ್ಲ. ಪುಷ್ಯಮಾಸದ ಹುಣ್ಣಿಮೆಗೆ ಕೂರ್ಮಗಡದ ನರಸಿಂಹನ ಜಾತ್ರೆಗೆ ದೋಣಿಯಲ್ಲಿ ಹೋಗುವ ಯಾತ್ರಿಕರು ಅಂತಹ ಹಿರಿಯರೊಡನೆ ಮಾತನಾಡಬೇಕು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಕಾಲೇಜುಗಳ ತರುಣರು ಅವರ ಬಳಿ ಕುಳಿತು, ಆ ಗುರುತುಗಳನ್ನೂ ಗಾಳಿಗಳನ್ನೂ ಕೊಲ್ಲಿಗಳನ್ನೂ ಒಂದೊಂದಾಗಿ ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದಿಡಬೇಕು. ಈ ಕೆಲಸವನ್ನು ಬರುವ ಚಳಿಗಾಲದಲ್ಲಿಯೇ ಆರಂಭಿಸಲಿ ಎಂದು ನನ್ನ ಪ್ರಾರ್ಥನೆ.